ಕಂಪಾಸಿನೊಳಗಿನ ಗುಳ್ಳೆ

ಗಲ್ಫಿನಲ್ಲಿ ಹದಿನೆಂಟು ವರ್ಷ ನಾನು ಹಡಗು ರಿಪೇರಿ ಮಾಡಿದ್ದೇನೆ ಎಂದು ಕಾವೂರಿನ ನಮ್ಮ ಬೀದಿಯಲ್ಲಿ ಎಲ್ಲರೂ ನಂಬಿದ್ದಾರೆ. ಹಾಗೆಂದು ನಾನು ಯಾರಿಗೂ ಹೇಳಿದವನಲ್ಲ. ಅಲ್ಲವೆಂದೂ ಹೇಳಲಿಲ್ಲ, ಅಷ್ಟೆ. ಹಡಗು ರಿಪೇರಿಯ ಯಾರ್ಡಿನಲ್ಲಿ ಇದ್ದದ್ದು ನಿಜ. ಆದರೆ ನಾನಿದ್ದದ್ದು ಸ್ಟೋರಿನಲ್ಲಿ. ಕಿಟಕಿಯ ಆಚೆ ನಿಂತವರು ಚೀಟಿ ಕೊಡುತ್ತಿದ್ದರು, ಈಚೆ ಕೂತ ನಾನು ನಟ್ಟು, ಬೋಲ್ಟು, ವಾಷರು ತೆಗೆದುಕೊಡುತ್ತಿದ್ದೆ. ಹಡಗಿನ ಒಳಗೆ ನಾನು ಹೋದದ್ದು ಎರಡೇ ಸಲ, ಎರಡೂ ಸಲ ಊಟಕ್ಕೆ.

ಊರಿಗೆ ಬಂದು ಮೂರು ವರ್ಷವಾಯಿತು. ಸುಮ್ಮನೆ ಕೂರುವುದು ಒಂದು ವಿದ್ಯೆ, ಅದು ನನಗೆ ಒಲಿಯಲಿಲ್ಲ. ಬೆಳಿಗ್ಗೆ ಕೆರೆಗೆ ಎರಡು ಸುತ್ತು ಹಾಕಿ ಬಂದರೂ ಕಾಲು ಇನ್ನೊಂದು ಸುತ್ತು ಕೇಳುತ್ತದೆ. ಓಡುತ್ತಿದ್ದ ಫ್ಯಾನು ಬಿಚ್ಚಿದೆ, ಅದು ನಿಂತಿತು. ಮಿಕ್ಸಿ ಬಿಚ್ಚಿದೆ, ಒಂದು ಸ್ಕ್ರೂ ಉಳಿಯಿತು. ನನ್ನ ಹೆಂಡತಿ ಶಶಿಕಲಾ ಈಗ ಸ್ಕ್ರೂಡ್ರೈವರನ್ನು ಅಕ್ಕಿ ಡಬ್ಬದೊಳಗೆ ಅಡಗಿಸಿಡುತ್ತಾಳೆ.

ಹೀಗಿರುವಾಗ ಜುಲೈ ತಿಂಗಳ ಒಂದು ಮಧ್ಯಾಹ್ನ ಗಂಗಾಧರ ಬಂದ. ಒಂದೇ ಬೆಂಚಿನಲ್ಲಿ ಕೂತು ಓದಿದ ಗೆಳೆಯ. ಈಗ ಮೀನುಗಾರಿಕೆ ಬೋಟಿನ ತಾಂಡೇಲ, ಎಂದರೆ ಬೋಟನ್ನು ನಡೆಸುವವನು. ಮಳೆಗಾಲದ ಮೀನುಗಾರಿಕೆ ನಿಷೇಧದಿಂದ ಬೋಟು ಬಂದರಿನ ದಕ್ಕೆಯಲ್ಲಿ ಹಗ್ಗ ಕಟ್ಟಿ ನಿಂತಿತ್ತು. ಅವನ ಕೈಯಲ್ಲಿ ಹಳೇ ಟವೆಲಿನಲ್ಲಿ ಸುತ್ತಿದ ಒಂದು ಗುಂಡಗಿನ ವಸ್ತು.

"ಬೋಟಿನ ಕಂಪಾಸು ಮಾರಾಯ. ಒಳಗೆ ಗಾಳಿ ಹೋಗಿದೆ. ನೀನು ಸ್ವಲ್ಪ ನೋಡು."

ಟವೆಲು ಬಿಚ್ಚಿದೆ. ಹಿತ್ತಾಳೆಯ ಬಟ್ಟಲು, ಮೇಲೆ ದಪ್ಪ ಗಾಜು. ಒಳಗೆ ದ್ರವ, ಅದರಲ್ಲಿ ಒಂದು ಮೊಳೆಯ ತುದಿಯ ಮೇಲೆ ತೇಲುತ್ತ ತಿರುಗುವ ದಿಕ್ಕುಗಳ ತಟ್ಟೆ. ಗಾಜಿನಡಿಯಲ್ಲಿ ನಿಂಬೆಹಣ್ಣಿನ ಗಾತ್ರದ ಗಾಳಿಗುಳ್ಳೆ. ದ್ರವ ಅಷ್ಟು ಇಳಿದದ್ದರಿಂದ ತಟ್ಟೆ ಒಂದು ಬದಿಗೆ ವಾಲಿ ಗಾಜಿಗೆ ಅಂಟಿಕೊಂಡಿತ್ತು.

"ಈಗ ಎಲ್ಲ ಜಿಪಿಎಸ್ ಅಲ್ವಾ?" ಎಂದೆ.

"ಜಿಪಿಎಸ್ ಉಂಟು. ಅದಕ್ಕೆ ಕರೆಂಟು ಬೇಕು." ಅವನು ಟವೆಲನ್ನು ನಾಲ್ಕಾಗಿ ಮಡಚಿಟ್ಟ. ಆಮೇಲೆ ಹೇಳಿದ. ಕಳೆದ ಸೀಸನ್ನಿನಲ್ಲಿ ಒಂದು ಸಂಜೆ ಬ್ಯಾಟರಿ ಕೈಕೊಟ್ಟು ಪರದೆ ಕಪ್ಪಾಯಿತು. ಸುತ್ತ ಮಳೆಯ ಮಬ್ಬು. ಕಂಪಾಸು ನಂಬಿ ಮುಕ್ಕಾಲು ಗಂಟೆ ಹೋದರು. ತಟ್ಟೆ ಗಾಜಿಗೆ ಕಚ್ಚಿಕೊಂಡದ್ದು ಗೊತ್ತಾದದ್ದು ಎದುರಿಗೆ ಬಂಡೆಗೆ ಬಡಿಯುವ ನೊರೆ ಕಂಡಾಗ. "ಬೋಟಲ್ಲಿ ಏಳು ಜನ ಇದ್ದೆವು. ಮನೆಯಲ್ಲಿ ಹೇಳಲಿಲ್ಲ."

ಇಂಥ ಮಾತು ಕೇಳಿದ ಮೇಲೆ ಮನುಷ್ಯ ನಿಜ ಹೇಳಬೇಕು. ನಾನು "ಇಟ್ಟು ಹೋಗು" ಎಂದೆ.

ಕಂಪಾಸಿಗೆ ದ್ರವ ಯಾಕೆ ಎಂದು ನೀವು ಕೇಳಬಹುದು. ನಾನೂ ಆ ರಾತ್ರಿಯೇ ಓದಿ ತಿಳಿದದ್ದು. ಒಣ ಕಂಪಾಸಿನ ಮುಳ್ಳು ಅಲೆ ಬಂದಾಗಲೆಲ್ಲ ಹೌಹಾರಿ ಎಲ್ಲ ದಿಕ್ಕಿಗೂ ಓಡಾಡುತ್ತದೆ. ಅದಕ್ಕೆ ಉತ್ತರ ಗೊತ್ತಿಲ್ಲವೆಂದಲ್ಲ, ಹೇಳುವಷ್ಟು ಹೊತ್ತು ನಿಲ್ಲುವುದಿಲ್ಲ. ದ್ರವದಲ್ಲಿ ಮುಳುಗಿಸಿದರೆ ಓಡಾಟ ನಿಧಾನವಾಗಿ, ತಟ್ಟೆ ಉತ್ತರಕ್ಕೆ ಬಂದು ನಿಲ್ಲುತ್ತದೆ. ಇದನ್ನು ಓದಿ ಹೇಳಿದಾಗ ಶಶಿಕಲಾ ನನ್ನನ್ನು ಮೇಲಿಂದ ಕೆಳಗೆ ನೋಡಿ, "ನಿಮ್ಮನ್ನೂ ಎಂತದರಲ್ಲಾದರೂ ಮುಳುಗಿಸಿಡಬೇಕಿತ್ತು" ಎಂದಳು.

ಮೊಬೈಲಿನ ವಿಡಿಯೋ ಒಂದರಲ್ಲಿ ಒಬ್ಬ ಮಹಾಶಯ ಮಕ್ಕಳ ಮೈಗೆ ಹಚ್ಚುವ ಬಿಳಿ ಎಣ್ಣೆಯನ್ನು ಕಂಪಾಸಿಗೆ ತುಂಬಿ ನಗುತ್ತಿದ್ದ. ಪೂರ್ತಿ ನೋಡುವ ತಾಳ್ಮೆ ಇರುವವನು ನಾನಾಗಿದ್ದರೆ ಈ ಪ್ರಬಂಧವೇ ಇರುತ್ತಿರಲಿಲ್ಲ. ಮರುದಿನ ಬದಿಯ ಸ್ಕ್ರೂ ತೆಗೆದು ಎಣ್ಣೆ ಸುರಿದೆ. ಗುಳ್ಳೆ ಮಾಯವಾಯಿತು. ಹೆಮ್ಮೆಯಿಂದ ಒಮ್ಮೆ ಅಲ್ಲಾಡಿಸಿದೆ. ಒಳಗೆಲ್ಲ ಹಾಲಿನಂತೆ ಕದಡಿತು. ತಿಳಿಯಾದಾಗ ಎಣ್ಣೆಯ ಹನಿಗಳು ಸಾರಿನ ಮೇಲಿನ ಒಗ್ಗರಣೆಯ ಹಾಗೆ ತೇಲುತ್ತಿದ್ದವು. ಪೂರ್ವ ಪಶ್ಚಿಮ ಯಾವುದೂ ಕಾಣಿಸುತ್ತಿರಲಿಲ್ಲ.

ಎರಡು ದಿನ ಮನೆಯೊಳಗೇ ಅತ್ತಿಂದಿತ್ತ ನಡೆದೆ. ಹೊಸ ಕಂಪಾಸು ತಂದು ಇದೇ ಅದು ಎಂದು ಕೊಟ್ಟುಬಿಡುವ ಉಪಾಯ ಹೊಳೆಯಿತು. ಆದರೆ ಊಟಕ್ಕೆ ಕೂತರೆ ಬಂಡೆಯ ನೊರೆ ಕಾಣಿಸುತ್ತಿತ್ತು. ಮೂರನೆಯ ದಿನ ಕಂಪಾಸನ್ನು ಟವೆಲಿನಲ್ಲಿ ಸುತ್ತಿ ಬಸ್ಸು ಹತ್ತಿ ದಕ್ಕೆಗೆ ಹೋದೆ. ಗಂಗಾಧರ ಬೋಟಿನ ಮೇಲೆ ಕೂತು ಬಲೆ ಹೊಲಿಯುತ್ತಿದ್ದ.

"ಗಂಗಾಧರ, ನಾನು ಹಡಗು ರಿಪೇರಿ ಮಾಡಿದವನಲ್ಲ. ಸ್ಟೋರಲ್ಲಿದ್ದೆ."

ಅವನು ದಾರದಿಂದ ಕಣ್ಣೆತ್ತಲಿಲ್ಲ. "ಗೊತ್ತುಂಟು."

"ಎಂತ ಗೊತ್ತುಂಟು?"

"ನಿಮ್ಮ ಯಾರ್ಡಲ್ಲಿ ವೆಲ್ಡಿಂಗಿಗಿದ್ದವ ನನ್ನ ತಂಗಿಯ ಮೈದುನ. ಅವನೇ ಹೇಳಿದ್ದು. ಚೀಟಿಯಲ್ಲಿ ತಪ್ಪು ಬರೆದು ಕೊಟ್ಟರೂ ನೀನು ಸರಿಯಾದ ವಾಷರನ್ನೇ ಕೊಡ್ತಿದ್ದಿಯಂತೆ. ಅದಕ್ಕೇ ನಿನಗೆ ಕೊಟ್ಟದ್ದು. ರಿಪೇರಿ ಮಾಡುವವರು ಇಲ್ಲಿ ಬೇಕಾದಷ್ಟು ಉಂಟು. ಎಲ್ಲ ಸಿಕ್ಕಿದ್ದು ಹಾಕಿ ಬಿಗಿ ಮಾಡ್ತಾರೆ."

ನಾನು ಟವೆಲು ಬಿಚ್ಚಿ ಎಣ್ಣೆಯ ಪಾಯಸ ತೋರಿಸಿದೆ. ಅವನು ಬಹಳ ಹೊತ್ತು ನೋಡಿದ. ಬೈಯುತ್ತಾನೆಂದು ಕಾದೆ.

"ಜೆಪ್ಪುವಿಗೆ ಹೋಗು. ಲಾರೆನ್ಸರು ಅಂತ ಇದ್ದಾರೆ, ವಾಚು ರಿಪೇರಿಯವರು. ನನ್ನ ಅಪ್ಪ ಅವರ ಹತ್ತಿರ ಕೊಂಡುಹೋಗ್ತಿದ್ದರು."

ಲಾರೆನ್ಸರಿಗೆ ಎಂಬತ್ತು ದಾಟಿದೆ. ಅಂಗಡಿ ಮುಚ್ಚಿ ಎಷ್ಟೋ ವರ್ಷವಾದರೂ ಮನೆಯ ಕಿಟಕಿಯ ಬಳಿ ಮೇಜು ಹಾಗೆಯೇ ಇದೆ. ಅವರು ಕಂಪಾಸಿನ ಸ್ಕ್ರೂ ಬಿಚ್ಚಿ ಮೂಗಿನ ಹತ್ತಿರ ಹಿಡಿದರು.

"ಇದು ಸ್ಪಿರಿಟಿನ ಜಾತಿ. ಎಣ್ಣೆ ತುಂಬುವ ಕಂಪಾಸು ಬೇರೆ. ಯಾರು ಎಣ್ಣೆ ಹಾಕಿದ್ದು?"

"ನಾನೇ."

"ಆಯ್ತು. ಒಪ್ಪಿಕೊಂಡರೆ ಅರ್ಧ ಕೆಲಸ ಮುಗಿಯಿತು. ಕೂತುಕೊಳ್ಳಿ."

ಕೈ ನಡುಗುವುದರಿಂದ ಅವರು ಮುಟ್ಟಲಿಲ್ಲ, ಹೇಳಿದರು; ನಾನು ಮಾಡಿದೆ. ಎಲ್ಲ ಬಸಿದು, ಸ್ಪಿರಿಟಿನಲ್ಲಿ ಐದಾರು ಸಲ ತೊಳೆದೆ. ಪುಣ್ಯಕ್ಕೆ ತಟ್ಟೆಯ ಬಣ್ಣ ಎದ್ದಿರಲಿಲ್ಲ. ಹಳೇ ನಾವಿಕರು ಕಂಪಾಸಿನ ಸ್ಪಿರಿಟನ್ನೇ ಕದ್ದು ಕುಡಿಯುತ್ತಿದ್ದರಂತೆ ಎಂದು ಲಾರೆನ್ಸರು ನಗುತ್ತ ಹೇಳಿದರು. ಹಾಗಾದರೆ ಅವರಿಗೂ ಹಡಗಿಗೂ ಒಟ್ಟಿಗೇ ದಿಕ್ಕು ತಪ್ಪಿರಬೇಕು.

ಸೋರಿದ್ದು ಗಾಜಿನ ಅಂಚಿನ ರಬ್ಬರ್ ಬಳೆಯಿಂದ. ಅದು ಒಣಗಿ ಹಪ್ಪಳವಾಗಿತ್ತು. ಬಂದರಿನ ಅಂಗಡಿಯವನು ನಾಲ್ಕು ಬಗೆಯ ಬಳೆ ಮುಂದಿಟ್ಟು, "ಎಲ್ಲ ಒಂದೇ" ಎಂದ. ನಾನು ಒಂದೊಂದನ್ನೂ ಹೆಬ್ಬೆರಳು ತೋರುಬೆರಳ ನಡುವೆ ಹಿಸುಕಿ ನೋಡಿದೆ. ಒಂದು ತೀರಾ ಮೆದು, ಒಂದರ ಜೋಡಣೆಯಲ್ಲಿ ಗಂಟು, ಇನ್ನೊಂದು ಸ್ಪಿರಿಟಿಗೆ ಉಬ್ಬುವ ಜಾತಿ. ನಾಲ್ಕನೆಯದನ್ನು ತೆಗೆದುಕೊಂಡೆ. ಊರಿಗೆ ಬಂದ ಮೂರು ವರ್ಷಗಳಲ್ಲಿ ನನಗೆ ಒಂದು ವಿಷಯ ಖಂಡಿತವಾಗಿ ಗೊತ್ತಿದ್ದದ್ದು ಆ ಒಂದು ನಿಮಿಷ ಮಾತ್ರ.

ಆಮೇಲೆ ಸ್ಪಿರಿಟು ಮತ್ತು ಬ್ಯಾಟರಿಗೆ ಹಾಕುವ ಶುದ್ಧ ನೀರು ಅರ್ಧಕ್ಕರ್ಧ ಬೆರೆಸಿ ತುಂಬಿದೆವು. ಕಷ್ಟ ಅಲ್ಲಿಂದ ಶುರು. ಸಣ್ಣ ಸಣ್ಣ ಗುಳ್ಳೆಗಳು ತಟ್ಟೆಯ ಅಡಿಯಲ್ಲಿ ಕೂತುಬಿಡುತ್ತವೆ. ಬಟ್ಟಲು ಓರೆ ಹಿಡಿಯಬೇಕು, ಬೆರಳಲ್ಲಿ ಮೆಲ್ಲಗೆ ತಟ್ಟಬೇಕು, ಕಾಯಬೇಕು. ಗುಳ್ಳೆ ಏಳುತ್ತದೆ, ನಾಲ್ಕು ಹನಿ ಬಿಡಬೇಕು, ಮತ್ತೆ ಕಾಯಬೇಕು. ನಾನು ಎರಡು ಸಲ ಎದ್ದು ನಿಂತೆ. ಎರಡು ಸಲವೂ ಲಾರೆನ್ಸರು, "ಅವಸರ ಉಂಟಾ?" ಎಂದು ಕೇಳಿದರು. ಇರಲಿಲ್ಲ. ನನಗೆ ಎಲ್ಲಿಗೂ ಹೋಗುವುದಿರಲಿಲ್ಲ. ಹಾಗೆ ಮೂರು ಮಧ್ಯಾಹ್ನ ಜೆಪ್ಪುವಿನ ಆ ಕಿಟಕಿಯ ಬಳಿ ಕೂತೆ. ಕೊನೆಯ ಗುಳ್ಳೆ ಸಾಸಿವೆಯಷ್ಟಿತ್ತು. ಅದು ಹೊರಟ ಮೇಲೆ ಸ್ಕ್ರೂ ಬಿಗಿದೆ.

ಆಗಸ್ಟ್ ಬಂತು. ಕಡಲಿಗಿಳಿಯುವ ಮೊದಲು ಒಂದು ಬೆಳಿಗ್ಗೆ ಅಳಿವೆಯ ಆಚೆಗೆ ಹೋಗಿ ಪರೀಕ್ಷೆ ಮಾಡುವುದೆಂದು ಗಂಗಾಧರ ನನ್ನನ್ನೂ ಕರೆದುಕೊಂಡು ಹೋದ. ಕಂಪಾಸು ಅದರ ಹಳೆಯ ಜಾಗದಲ್ಲಿ ಕೂತಿತ್ತು. ನದಿ ಕಡಲಿಗೆ ಸೇರುವಲ್ಲಿಂದ ಆಚೆ ಬೋಟಿನ ಮೂತಿಯನ್ನು ಅವನು ನೇರ ಪಶ್ಚಿಮಕ್ಕೆ ಹಿಡಿದ. ಜಿಪಿಎಸ್ ಸಹ ಪಶ್ಚಿಮ ಎಂದಿತು. ಕಂಪಾಸು ಮಾತ್ರ ವಾಯವ್ಯದತ್ತ ವಾಲಿತು.

ಬಗ್ಗಿ ನೋಡಿದೆ, ತಟ್ಟೆ ಇನ್ನಷ್ಟು ತಿರುಗಿತು. ಗಾಜಿಗೆ ಮುಖ ಹಚ್ಚಿದೆ. ಅದು ಇನ್ನೂ ಕೆಟ್ಟಿತು.

ಗಂಗಾಧರ ಒಮ್ಮೆ ಅದನ್ನು, ಒಮ್ಮೆ ನನ್ನನ್ನು ನೋಡಿದ. "ನೀನು ಸ್ವಲ್ಪ ಹಿಂದೆ ಹೋಗು."

ಒಂದು ಹೆಜ್ಜೆ ಹೋದೆ. "ಇನ್ನೂ." ನಾಲ್ಕು ಹೆಜ್ಜೆ ಹೋದೆ. ತಟ್ಟೆ ನಿಧಾನವಾಗಿ, ಯಾವ ಗಡಿಬಿಡಿಯೂ ಇಲ್ಲದೆ ತಿರುಗಿ ಪಶ್ಚಿಮಕ್ಕೆ ಬಂದು ನಿಂತಿತು. ನನ್ನ ಅಂಗಿಯ ಜೇಬಿನ ಮೊಬೈಲು ಕವರಿನ ಮುಚ್ಚಳದಲ್ಲಿ ಆಯಸ್ಕಾಂತವಿತ್ತು.

"ಕಂಪಾಸು ಸರಿ ಉಂಟು," ಎಂದ ಗಂಗಾಧರ. "ಹಾಳು ಮಾಡ್ತಿದ್ದದ್ದು ನೀನು. ಅಲ್ಲೇ ಕೂತುಕೋ."

ಬಲೆಯ ರಾಶಿಯ ಮೇಲೆ ಕೂತೆ. ಬೋಟು ಅಲೆಯ ಮೇಲೆ ಏರಿ ಇಳಿಯುತ್ತಿತ್ತು, ಅವನು ಕಂಪಾಸು ನೋಡುತ್ತ ಚಕ್ರ ತಿರುಗಿಸುತ್ತಿದ್ದ, ನಾನು ಮಾಡಬೇಕಾದ್ದು ಏನೂ ಇರಲಿಲ್ಲ. ಮುಕ್ಕಾಲು ಗಂಟೆ ಹಾಗೆಯೇ ಕೂತಿದ್ದೆ ಎಂದರೆ ಶಶಿಕಲಾ ಈಗಲೂ ನಂಬುವುದಿಲ್ಲ.

ಈಗ ಅವಳು ನೀರುದೋಸೆ ಹುಯ್ಯುವಾಗ ನಾನು ಕಾವಲಿಯಿಂದ ನಾಲ್ಕು ಹೆಜ್ಜೆ ದೂರ ನಿಲ್ಲುತ್ತೇನೆ. ಉರಿ ಕಡಿಮೆ ಮಾಡು, ನೀರು ಜಾಸ್ತಿ ಹಾಕು ಎಂದು ಏನೂ ಹೇಳುವುದಿಲ್ಲ. ದೋಸೆ ಮೊದಲಿಗಿಂತ ತೆಳ್ಳಗೆ ಬರುತ್ತಿದೆ. ಇದರಲ್ಲಿ ನನಗಾಗುವ ಸಂತೋಷ ಪೂರ್ತಿ ಶುದ್ಧವಾದದ್ದೆಂದು ಹೇಳಲಾರೆ.