ಹನೋಯಿ ಹತ್ತಿರದವಳು

ಕೊಲ್ಲಿ ನಾಡಿನ ಡಿಸ್ಕವರಿ ಗಾರ್ಡನ್ಸ್ ಬಡಾವಣೆಯಲ್ಲಿ ನಮ್ಮ ಎದುರು ಫ್ಲ್ಯಾಟಿನಲ್ಲಿದ್ದ ವಿಯೆಟ್ನಾಂ ಹುಡುಗಿ ನನ್ನ ತಂಗಿಯ ಜೊತೆ ಹೋಟೆಲಿನ ರಿಸೆಪ್ಷನ್‌ನಲ್ಲಿ ಕೆಲಸ ಮಾಡುತ್ತಿದ್ದಳು. ಊರು ಯಾವುದೆಂದು ಯಾರು ಕೇಳಿದರೂ ಕೂದಲನ್ನು ಕಿವಿಯ ಹಿಂದೆ ಸರಿಸಿ, "ಹನೋಯಿ ಹತ್ತಿರ" ಎನ್ನುತ್ತಿದ್ದಳು. ನಿಜಕ್ಕೂ ಅವಳದು ಆ ರಾಜಧಾನಿಯಿಂದ ದೂರದ, ಚೀನಾ ಗಡಿಗೆ ತಾಗಿದ ಗುಡ್ಡಗಾಡು. ಅಲ್ಲಿಯ ಜನ ಬಿರಿಯಾನಿಗೆ ಹಾಕುವ ಚಕ್ರಮೊಗ್ಗು ಬೆಳೆದು, ಗಡಿಯಾಚೆಯ ವ್ಯಾಪಾರಿಗಳಿಗೆ ಮಾರಿ ಬದುಕುತ್ತಾರೆ. ಇದು ನಮಗೆ ತಿಳಿದದ್ದು ಬಹಳ ತಡವಾಗಿ.

ಒಂದು ಭಾನುವಾರ ನಮ್ಮಲ್ಲಿ ಊಟ ಮಾಡುತ್ತಿದ್ದಾಗ ಅವಳಿಗೆ ವಿಡಿಯೋ ಕಾಲ್ ಬಂತು. ಮಾಸಿದ ಅಂಗಿಯ ಹೆಂಗಸೊಬ್ಬರು ಎತ್ತರದ ಮರದ ಕವಲಿನಲ್ಲಿ ಕುಳಿತು, ಚೀಲದಿಂದ ಹಸಿರು ಚಕ್ರಮೊಗ್ಗು ತೆಗೆದು ತೋರಿಸುತ್ತಿದ್ದರು. ತಂಗಿ ಬಗ್ಗಿ ನೋಡಿ, "ನಿಮ್ಮ ತೋಟದ ಕೆಲಸದವರಾ?" ಎಂದು ಕೇಳಿದಳು.

"ಹೌದು, ಕೆಲಸದವಳು" ಎಂದಳು ಹುಡುಗಿ.

ನಮ್ಮ ಇಂಗ್ಲಿಷ್ ತಿಳಿಯದ ಆ ಹೆಂಗಸು ನಮ್ಮನ್ನು ನೋಡಿ ನಕ್ಕು ಏನೋ ಕೇಳಿದರು. ಹುಡುಗಿ ತಟ್ಟೆಯಲ್ಲಿ ಅನ್ನ ಕಲಸತೊಡಗಿದಳು. ಅವರು ಮತ್ತೆ ಕೇಳಿದರು.

"ಎಂತ ಕೇಳ್ತಿದ್ದಾರಂತೆ?" ಎಂದು ತಂಗಿ ನನ್ನತ್ತ ತಿರುಗಿದಳು. ನಾನು ಹುಡುಗಿಯನ್ನು ಕೇಳಿದೆ. ಅವಳ ಕಿವಿಗಳು ಕೆಂಪಾಗಿದ್ದವು. ತಲೆ ಎತ್ತದೆ ಹೇಳಿದಳು:

"ನಿಮ್ಮದೆಲ್ಲ ಊಟ ಆಯ್ತಾ ಅಂತ ಅಮ್ಮ ಕೇಳ್ತಿದ್ದಾರೆ."

ತಂಗಿ ಫೋನನ್ನು ತನ್ನತ್ತ ತಿರುಗಿಸಿಕೊಂಡು, ಮರದ ಮೇಲಿದ್ದ ಆ ತಾಯಿಗೆ ಎಂಜಲು ಕೈಯಲ್ಲೇ ಕೈಮುಗಿದಳು.