ಕೊಕ್ಕರೆ ತಂಡದ ಇತಿಹಾಸಕಾರ

ಅಲೋಶಿಯಸ್ ಇನ್ನೊಬ್ಬರ ದುಡಿಮೆಯನ್ನು ತನ್ನದೆಂದು ಹೇಳಿಕೊಂಡು ಬದುಕಿದ ಮನುಷ್ಯ. ಇದನ್ನು ಮೆದುವಾಗಿ ಹೇಳುವ ದಾರಿ ನನಗೆ ಗೊತ್ತಿಲ್ಲ, ಹುಡುಕುವ ಮನಸ್ಸೂ ಇಲ್ಲ. ಶಿರ್ವದಿಂದ ಒಮಾನಿನ ಸೂರ್‌ಗೆ ಬಂದು ಅವನಿಗೆ ಇಪ್ಪತ್ತಾರು ವರ್ಷವಾಯಿತು. ಜಪಾನಿಗೆ ಅನಿಲ ಒಯ್ಯುವ ಹಡಗುಗಳ ಕಾಗದಪತ್ರ ನೋಡಿಕೊಳ್ಳುವ ಒಂದು ಏಜೆನ್ಸಿಯಲ್ಲಿ ಗುಮಾಸ್ತ. ಕಾಗದ ಸಿದ್ಧ ಮಾಡುವವನು ಪಕ್ಕದ ಮೇಜಿನ ಲತೇಶ್. ನಗುನಗುತ್ತ ಅದನ್ನು ಮ್ಯಾನೇಜರ ಕೋಣೆಗೆ ಒಯ್ಯುವವನು ಅಲೋಶಿಯಸ್. ಹೆಂಡತಿ ಪ್ಯಾಟ್ರಿಷಿಯಾ ಹಾಕಿದ ಮೀನಿನ ಉಪ್ಪಿನಕಾಯಿಯನ್ನೂ ತನ್ನ ಕೈರುಚಿಯೆಂದೇ ಹಂಚುತ್ತಾನೆ.

ಮೂರು ವರ್ಷದ ಹಿಂದೆ ಆ ಕಚೇರಿಗೆ ಹಯಾಮಿ ಎಂಬ ಜಪಾನೀ ಮ್ಯಾನೇಜರ್ ಬಂದರು. ಅವರ ಮೇಜಿನ ಮೇಲೊಂದು ಪುಟ್ಟ ಬಾವುಟ, ಅದರಲ್ಲಿ ಒಂಟಿಕಾಲಿನ ಕೊಕ್ಕರೆ. ಅವರ ಊರಾದ ತೊಬಿಹಾಮಾದ ಬಾಸ್ಕೆಟ್‌ಬಾಲ್ ತಂಡದ ಗುರುತು ಅದು. ಅಲೋಶಿಯಸನಿಗೆ ಅಷ್ಟು ಸಾಕಾಯಿತು. ಜನ್ಮದಲ್ಲಿ ಚೆಂಡು ಮುಟ್ಟದ ಈ ದಪ್ಪಹೊಟ್ಟೆಯವನು ಒಂದೇ ತಿಂಗಳಲ್ಲಿ ಕೊಕ್ಕರೆ ತಂಡದ ಭಕ್ತನಾದ. ಇಲ್ಲಿ ವಾರದ ರಜೆ ಶುಕ್ರವಾರ, ಶನಿವಾರ; ಭಾನುವಾರ ಬೆಳಿಗ್ಗೆ ಕಚೇರಿ ತೆರೆದೊಡನೆ ಹಿಂದಿನ ದಿನದ ಪಂದ್ಯದ ಅಂಕಗಳನ್ನು ಹಯಾಮಿಯವರಿಗೆ ಒಪ್ಪಿಸುತ್ತಿದ್ದ. ತಂಡ ಸೋತಿದ್ದರೆ ಮುಖ ಸಪ್ಪೆ ಮಾಡಿಕೊಂಡೇ ಹೋಗುತ್ತಿದ್ದ.

ನಾವೆಲ್ಲ ವಾಸಿಸುವ ಕಟ್ಟಡದ ಮೆಟ್ಟಿಲ ಮೇಲೆ ನನ್ನನ್ನೂ ಒಮ್ಮೆ ತಡೆದು ನಿಲ್ಲಿಸಿದ.

"ಒಂಬತ್ತು ಸಲ ಚಾಂಪಿಯನ್, ಮೇಡಂ! ಒಂಬತ್ತು ಸಲ!"

"ಎಲ್ಲಿ ಓದಿದ್ದು?"

"ಓದುವುದೆಂತ ಮೇಡಂ, ಜಪಾನಿನಲ್ಲಿ ಎಲ್ಲರಿಗೂ ಗೊತ್ತು."

ಇತಿಹಾಸ ಕಲಿಸಿಯೇ ನನ್ನ ಕೂದಲು ನೆರೆದದ್ದು. ಮನೆಗೆ ಬಂದು ನೋಡಿದೆ. ಚಾಂಪಿಯನ್ ಆದದ್ದು ಎರಡೇ ಸಲ.

ಅವನ ಒಗ್ಗರಣೆ ಬಿಟ್ಟರೆ ಆ ತಂಡದ ಕತೆ ಹೀಗಿದೆ. 1961ರಲ್ಲಿ ತೊಬಿಹಾಮಾದ ಹಡಗು ಕಟ್ಟುವ ಕಂಪನಿಯೊಂದು ತನ್ನ ನೌಕರರಿಂದಲೇ ತಂಡ ಕಟ್ಟಿತು. ಆಟಗಾರರು ಹಗಲು ಕೆಲಸ ಮಾಡಿ ಸಂಜೆ ಆಡುತ್ತಿದ್ದರು. 1999ರಲ್ಲಿ ನಷ್ಟವಾದಾಗ ಮಾಲೀಕರು ಮೊದಲು ಮುಚ್ಚಿದ್ದು ತಂಡವನ್ನು, ಅದೂ ನೋಟಿಸ್ ಬೋರ್ಡಿಗೆ ಒಂದು ಹಾಳೆ ಅಂಟಿಸಿ. ಕೊನೆಯ ಪಂದ್ಯಕ್ಕೆ ಉಳಿದವರು ಏಳೇ ಜನ. ಆಮೇಲೆ ಊರಿನ ಅಂಗಡಿಯವರೂ ಶಾಲಾ ಮಾಸ್ತರರೂ ಸೇರಿ ತಂಡವನ್ನು ಎತ್ತಿ ನಿಲ್ಲಿಸಿ, ಮುಂದೆ ವೃತ್ತಿಪರ ತಂಡ ಮಾಡಿದರು. 2016ರಲ್ಲಿ ದೇಶದ ಎರಡು ಲೀಗ್‌ಗಳು ಒಂದಾದಾಗ ಅದಕ್ಕೆ ಸಿಕ್ಕಿದ್ದು ಎರಡನೇ ದರ್ಜೆ. ಇಂದಿಗೂ ಅಲ್ಲೇ ಇದೆ.

ಈ ವರ್ಷ ಹಯಾಮಿ ಊರಿಗೆ ಮರಳುವ ದಿನ ಗೊತ್ತಾಯಿತು. ಜೊತೆಗೆ ಇನ್ನೊಂದು ಸುದ್ದಿ: ಗುಮಾಸ್ತರ ಎರಡು ಹುದ್ದೆಗಳಲ್ಲಿ ಒಂದು ಒಮಾನಿಗಳಿಗೆ. ಅದರಲ್ಲಿ ತಪ್ಪೇನಿಲ್ಲ, ದೇಶ ಅವರದು. ಅಲೋಶಿಯಸ್, ಲತೇಶ್ ಇಬ್ಬರಲ್ಲಿ ಯಾರು ಉಳಿಯಬೇಕೆಂದು ಹಯಾಮಿಯೇ ಬರೆದುಕೊಟ್ಟು ಹೋಗಬೇಕು. ಇನ್ನೊಬ್ಬನ ವೀಸಾ ಖಲಾಸ್.

ಅಲೋಶಿಯಸ್ ತಕ್ಷಣ ಬೀಳ್ಕೊಡುಗೆಯ ಊಟ ಏರ್ಪಡಿಸಲು ಹೊರಟ. ಅಲ್ಲಿ ತಾನು ಎಲ್ಲರಿಂದ ಗ್ಲಾಸ್ ಎತ್ತಿಸಿ ಹೊಗಳಿಕೆಯ ಮಾತು, ಅಂದರೆ ಟೋಸ್ಟ್, ಹೇಳುವುದು, ಅದರಲ್ಲಿ ತಂಡದ ಇತಿಹಾಸ ಬಿಚ್ಚಿಡುವುದು. ಇತಿಹಾಸ ಹುಡುಕುವ ಕೆಲಸ ಯಾರದು? ಲತೇಶನದು.

ಲತೇಶ್ ಹುಡುಕಿದ. ತಂಡದ ಕಚೇರಿಗೆ ಮೇಲ್ ಬರೆದು ಕೊನೆಯ ಪಂದ್ಯದ ಪತ್ರಿಕಾ ತುಣುಕು ತರಿಸಿದ. ಅದು ಜಪಾನೀ ಅಕ್ಷರ. ಆಟಗಾರರ ಹೆಸರನ್ನು ಕಂಪ್ಯೂಟರ್ ಒಂದೊಂದು ಸಲ ಒಂದೊಂದು ರೀತಿ ಓದಿತು. ಜಪಾನೀ ಕ್ಯಾಪ್ಟನ್ ಇರುವ ಹಡಗು ಬರುವವರೆಗೆ ಐದು ವಾರ ಕಾದು, ಸಹಿಯ ಕಾಗದಗಳ ಜೊತೆ ಅದನ್ನೂ ಹಡಗಿನ ಮೇಲೆ ಒಯ್ದು, ಕ್ಯಾಪ್ಟನ್ನಿಂದ ಓದಿಸಿಕೊಂಡು ಬಂದು ಅಲೋಶಿಯಸನಿಗೆ ಹೇಳಿದ. ನಮ್ಮ ಕಡೆ ತುಳುವರು ಕ್ರೈಸ್ತರನ್ನು ಕರೆಯುವುದು ಪೊರ್ಬುಗಳೆಂದೇ.

"ಪೊರ್ಬುಗಳೇ, ಏಳನೇ ಹೆಸರು ನಮ್ಮ ಹಯಾಮಿ ಸಾಹೇಬ್ರದ್ದೇ! ಅವರೂ ಆಡಿದವರು."

"ಹೌದಾ! ಯಾರ ಹತ್ರವೂ ಬಾಯಿ ಬಿಡ್ಬೇಡ ಮಾರಾಯ. ಕಾಗದ ಇಲ್ಲಿ ಕೊಡು."

ಕೊಟ್ಟ. ಲತೇಶನ ಒಳ್ಳೆಯತನದ ಬಗ್ಗೆಯೂ ನನಗೆ ಗೌರವವಿಲ್ಲ. ಅದರ ಮುಕ್ಕಾಲು ಪಾಲು ಅಂಜಿಕೆ. ಇದನ್ನೆಲ್ಲ ನನಗೆ ಹೇಳಿದವಳು ಅವನ ಹೆಂಡತಿ ತೃಪ್ತಿ. "ಮಗಳು ಹತ್ತನೇ ಕ್ಲಾಸು, ಟೀಚರ್. ಈ ಮನುಷ್ಯ ತನ್ನ ಕೆಲಸ ತಾನೇ ಎತ್ತಿ ಪೊರ್ಬುಗಳ ಕೈಯಲ್ಲಿಟ್ಟು ಬಂದಿದ್ದಾರೆ" ಎಂದು ಕಣ್ಣು ಕೆಂಪಗೆ ಮಾಡಿಕೊಂಡಿದ್ದಳು.

ಶುಕ್ರವಾರ ಮಧ್ಯಾಹ್ನ ಊಟ. ಕಟ್ಟಡದವರನ್ನೆಲ್ಲ ಕರೆದಿದ್ದ, ನಾನೂ ಹೋದೆ. ಕೋರಿ ರೊಟ್ಟಿ ಬಡಿಸುವ ಮೊದಲೇ ಅಲೋಶಿಯಸ್ ಕೋಟು ಹಾಕಿಕೊಂಡು ಎದ್ದ. ಮಂಗಳೂರಿನ ಕ್ರೈಸ್ತರ ಮದುವೆಗಳಲ್ಲಿ ಟೋಸ್ಟ್ ಹೇಳುವುದಕ್ಕೊಂದು ಕ್ರಮವಿದೆ: ಮೊದಲು ಹೆತ್ತವರನ್ನು ಹೊಗಳಬೇಕು. ನೂರು ಮದುವೆಗಳಲ್ಲಿ ಹೇಳಿ ಅಭ್ಯಾಸವಾದವನು ಇಲ್ಲಿಯೂ ಅದನ್ನೇ ಮಾಡಿದ. ತಂಡವನ್ನು ಹೆತ್ತ ಕಂಪನಿ ತಾಯಿಯಂತೆ, ಅದರ ಮಾಲೀಕರು ತಂದೆಯಂತೆ, ಅವರ ವಿಶಾಲ ಹೃದಯಕ್ಕೆ ಎಲ್ಲರೂ ಗ್ಲಾಸ್ ಎತ್ತಬೇಕು ಎಂದ. ತಂಡವನ್ನು ಬೀದಿಗೆ ಹಾಕಿದವರೇ ಆ ಮಾಲೀಕರು! ಲತೇಶ್ ಕೊಟ್ಟ ಕಾಗದದಲ್ಲಿ ಅದೂ ಇತ್ತು. ಇವನು ಅಲ್ಲಿಯವರೆಗೆ ಓದಿರಲಿಲ್ಲ.

ನಾವೆಲ್ಲ ಗ್ಲಾಸ್ ಎತ್ತಿದೆವು. ಹಯಾಮಿ ತಮ್ಮದನ್ನು ಮೇಜಿನ ಮೇಲಿಟ್ಟರು.

"ಮುಗಿಯಿತು ಇವರ ಕತೆ" ಎಂದು ಪ್ಯಾಟ್ರಿಷಿಯಾ ನನ್ನ ಪಕ್ಕದಲ್ಲೇ ಗೊಣಗಿದಳು.

ಅಲೋಶಿಯಸ್ ಕಾಗದವನ್ನು ಅವಸರದಲ್ಲಿ ತಿರುವಿ, ಕೊನೆಯ ಪಂದ್ಯದ ಏಳು ಹೆಸರುಗಳನ್ನು ಒಂದೊಂದಾಗಿ ಓದಿದ. ನಾಲ್ಕನೆಯ ಹೆಸರಿಗೆ ಹಯಾಮಿ ತಲೆ ಎತ್ತಿದರು. ಏಳನೆಯದು ಅವರದೇ. ಅವರು ಎದ್ದು ನಿಂತು, ಯಾರನ್ನೂ ನೋಡದೆ, ಎರಡು ಕೈಗಳನ್ನೂ ಬದಿಗೆ ಹಚ್ಚಿ ಬಾಗಿದರು. ಆಮೇಲೆ ಇಂಗ್ಲಿಷಿನಲ್ಲಿ ಕೇಳಿದರು:

"ಈ ಏಳು ಹೆಸರು ನಮ್ಮ ಊರಲ್ಲೇ ಈಗ ಯಾರಿಗೂ ನೆನಪಿಲ್ಲ. ಹುಡುಕಿದ್ದು ನೀವಾ, ಅಲೋಶಿಯಸ್?"

ಹೌದು ಎಂಬ ಒಂದು ಪದ ಸಾಕಿತ್ತು. ಅವನು ಬಾಯಿ ತೆರೆದದ್ದನ್ನು ನಾನು ಕಂಡೆ. ಹಿಂದಿನ ಸಾಲಿನಲ್ಲಿ ಲತೇಶ್ ತಟ್ಟೆ ನೋಡುತ್ತ ಕೂತಿದ್ದ, ಅವನೇನೂ ಹೇಳುವವನಲ್ಲ.

"ಅಲ್ಲ ಸರ್. ಇವನು. ಐದು ವಾರ ಹಡಗು ಕಾದಿದ್ದಾನೆ. ನಾನು ಓದಿದ್ದಷ್ಟೇ, ಅದೂ ಪೂರ್ತಿ ಓದಲಿಲ್ಲ."

ಅಲೋಶಿಯಸ್ ಹಿಂದಕ್ಕೆ ನಡೆದ. ಲತೇಶನ ರಟ್ಟೆ ಹಿಡಿದು ಎಬ್ಬಿಸಿ, "ಹೋಗು ಮಾರಾಯ, ಕರೀತಿದ್ದಾರೆ" ಎಂದು ಮುಂದಕ್ಕೆ ತಳ್ಳಿ, ಖಾಲಿಯಾದ ಆ ಕುರ್ಚಿಯಲ್ಲಿ ತಾನು ಕೂತ.