ಎರಡು ಎಂದು ಬರೆದುಕೊಂಡ ಭುಜನೋವು

ನೋವನ್ನು ಅಳೆಯುವುದು ನನ್ನ ಕಸುಬು. ಇದನ್ನು ನೆಂಟರಿಷ್ಟರಿಗೆ ವಿವರಿಸಿ ಸಾಕಾಗಿದೆ. ಸೊಂಟ, ಮಂಡಿ, ಭುಜ ಎಂದು ಬಡಾವಣೆಯ ಸಣ್ಣ ಕ್ಲಿನಿಕ್ಕಿಗೆ ಬರುವವರನ್ನು ಮಾತಾಡಿಸಿ, ಸೊನ್ನೆಯಿಂದ ಹತ್ತರೊಳಗೆ ನಿಮ್ಮ ನೋವು ಎಷ್ಟು ಎಂದು ಕೇಳಿ ಬರೆದುಕೊಳ್ಳಬೇಕು. ಇಂಜೆಕ್ಷನ್ ಇಲ್ಲದೆ ವ್ಯಾಯಾಮದಿಂದಲೇ ಎಷ್ಟು ಜನಕ್ಕೆ ವಾಸಿಯಾಗುತ್ತದೆ ಎಂಬುದು ನನ್ನ ಸಂಶೋಧನೆ. ಮತ್ತಿಕೆರೆಯಿಂದ ತ್ಯಾಗರಾಜನಗರಕ್ಕೆ ಎರಡು ಬಸ್ಸು ಬದಲಾಯಿಸಿ ಓಡಾಡಿ ನನ್ನ ಸೊಂಟವೇ ಹಿಡಿದುಕೊಂಡಿತ್ತು. ನನ್ನನ್ನು ಯಾರೂ ಎಷ್ಟು ಎಂದು ಕೇಳಲಿಲ್ಲ, ಬಿಡಿ.

ಆ ಕ್ಲಿನಿಕ್ಕಿನಲ್ಲಿ ಒಂದೇ ಕೋಣೆ, ಒಂದೇ ಮೇಜು. ಒಂದು ತುದಿಯಲ್ಲಿ ಡಾಕ್ಟರು, ಇನ್ನೊಂದು ತುದಿಯಲ್ಲಿ ನಾನು. ವಯಸ್ಸಾದ ಡಾಕ್ಟರು, ಆ ಬೀದಿಯ ಮೂರು ತಲೆಮಾರಿನ ಕೆಮ್ಮು ನೆಗಡಿ ನೋಡಿದವರು. ಅಲ್ಲಿಗೆ ಬಂದವರಲ್ಲಿ ಒಬ್ಬರು ಗಾಂಧಿಬಜಾರಿನ ಹತ್ತಿರ ಕಾಂಡಿಮೆಂಟ್ಸ್ ಅಂಗಡಿಯಲ್ಲಿ ಒಬ್ಬಟ್ಟು ತಟ್ಟುವ ಹೆಂಗಸು, ಐವತ್ತು ದಾಟಿದವರು. ಬಲಭುಜ ನೋವು. ಮೊದಲ ದಿನ ಎಂಟು ಎಂದರು. ಗೋಡೆಯ ಮೇಲೆ ಬೆರಳುಗಳನ್ನು ಮೆಲ್ಲಗೆ ಹತ್ತಿಸುವ ವ್ಯಾಯಾಮ ಹೇಳಿಕೊಟ್ಟೆ. ಮೂರು ತಿಂಗಳಾದ ಮೇಲೆ ಕೇಳಿದಾಗ ಡಾಕ್ಟರ ಕಡೆ ಒಮ್ಮೆ ನೋಡಿ, "ಎರಡು ಅಂತ ಬರ್ಕೊಳಿ ಮೇಡಂ, ಈಗ ಪರವಾಗಿಲ್ಲ" ಎಂದರು. ಡಾಕ್ಟರ ಮುಖ ಅರಳಿತು. ನನ್ನದೂ ಅರಳಿರಬೇಕು.

ನಮ್ಮಲ್ಲಿ ಒಂದು ನಿಯಮವಿತ್ತು. ಮೂರು ತಿಂಗಳ ಮೇಲೂ ಐದಕ್ಕಿಂತ ಹೆಚ್ಚು ಎಂದವರನ್ನು ದೊಡ್ಡಾಸ್ಪತ್ರೆಯ ಮೂಳೆ ಡಾಕ್ಟರ ಹತ್ತಿರ ನಾವೇ ಕಳಿಸಿಕೊಡಬೇಕು. ಮೊದಲೇ ಹೇಳಿದರೆ ಜನ ಅಂಕಿ ಏರಿಸಿ ಹೇಳಿಯಾರು ಎಂದು ಅದನ್ನು ಯಾರಿಗೂ ಹೇಳುತ್ತಿರಲಿಲ್ಲ. ಇಳಿಸಿ ಹೇಳುವವರೂ ಇರುತ್ತಾರೆಂದು ಇಷ್ಟೆಲ್ಲ ಓದಿಕೊಂಡ ನಮಗ್ಯಾರಿಗೂ ಹೊಳೆಯಲಿಲ್ಲ. ಆ ಒಬ್ಬಟ್ಟಿನ ಹೆಂಗಸಿನ ಹಾಳೆಯ ಮೇಲೆ ಗುಣವಾಗಿದೆ ಎಂದು ಬರೆದು ಫೈಲು ಮುಚ್ಚಿದೆ.

ಐದಾರು ತಿಂಗಳ ನಂತರ, ಮನೆಗೆ ನೆಂಟರು ಬರುತ್ತಾರೆಂದು ಒಬ್ಬಟ್ಟು ಕೊಳ್ಳಲು ಅದೇ ಅಂಗಡಿಗೆ ಹೋದೆ. ಕಾವಲಿಯ ಮುಂದೆ ಬೇರೆ ಯಾರೋ ಇದ್ದರು. ಇವರು ಮೂಲೆಯಲ್ಲಿ ಸ್ಟೂಲಿನ ಮೇಲೆ ಕೂತು ಎಡಗೈಯಲ್ಲಿ ಪೊಟ್ಟಣಗಳಿಗೆ ಚೀಟಿ ಅಂಟಿಸುತ್ತಿದ್ದರು. ನನ್ನನ್ನು ಕಂಡವರೇ ಸೆರಗು ಎಳೆದು ಬಲಗೈ ಮುಚ್ಚಿಕೊಂಡರು.

"ಎರಡು ಅಂದಿದ್ರಲ್ಲಾ" ಎಂದೆ. ದನಿ ಜೋರಾಗಿಯೇ ಇತ್ತು. ಸಿಟ್ಟು ಯಾರ ಮೇಲೆಂದು ಆಗ ಗೊತ್ತಿರಲಿಲ್ಲ.

"ಡಾಕ್ಟ್ರು ಎದುರಿಗೇ ಕೂತಿದ್ರಲ್ಲ ಮೇಡಂ. ನನ್ನ ಮದುವೆ ಆದಾಗಿಂದ ನಮ್ಮನೇವ್ರನ್ನೆಲ್ಲ ಅವರೇ ನೋಡ್ತಿರೋದು. ವಾಸಿ ಆಗ್ಲಿಲ್ಲ ಅಂದ್ರೆ ಬೇಜಾರು ಮಾಡ್ಕೊಳಲ್ವಾ? ನೀವೂ ಪಾಪ, ಅಷ್ಟು ದೂರದಿಂದ ಬಂದು ಹೇಳ್ಕೊಟ್ರಿ. ನಿಮ್ಮ ಕೆಲಸಕ್ಕೆ ನಾನ್ಯಾಕೆ ಕಲ್ಲು ಹಾಕೋದು ಅಂತ."

ತಲೆ ಬಾಚಿಕೊಳ್ಳಲೂ ಆಗುತ್ತಿರಲಿಲ್ಲವಂತೆ, ಮಗಳು ಬಾಚುತ್ತಿದ್ದಳಂತೆ. ಹಬ್ಬದೊಳಗೆ ಕೈ ಸರಿಹೋದರೆ ಮತ್ತೆ ಕಾವಲಿಯ ಮುಂದೆ ಕೂರಿಸುತ್ತೇನೆ, ಇಲ್ಲದಿದ್ದರೆ ಬೇರೆ ಕೆಲಸ ನೋಡಿಕೊಳ್ಳಿ ಎಂದು ಅಂಗಡಿಯವರು ಹೇಳಿದ್ದರು. ಒಬ್ಬಟ್ಟು ಕೊಳ್ಳುವುದನ್ನೇ ಮರೆತು ಮನೆಗೆ ಬಂದೆ. ನಾಚಿಕೆಯಾಯಿತು. ನನ್ನ ಫೈಲಿನಲ್ಲಿ ಗುಣವಾದವರ ಪೈಕಿ ಇನ್ನೆಷ್ಟು ಜನ ಹೀಗೆ ದಾಕ್ಷಿಣ್ಯಕ್ಕೆ ಗುಣವಾದವರೋ, ಒಬ್ಬೊಬ್ಬರನ್ನೇ ಹುಡುಕಿಕೊಂಡು ಹೋಗುವ ತ್ರಾಣ ನನ್ನಲ್ಲಿ ಉಳಿದಿರಲಿಲ್ಲ.

ಮುಂದಿನ ವಾರ ಆಟೋ ಮಾಡಿಕೊಂಡು ಅವರನ್ನು ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋದೆ. ಮೂಳೆ ಡಾಕ್ಟರು ಚಿಕ್ಕ ವಯಸ್ಸಿನವರು. ಸ್ಕ್ಯಾನ್ ಮಾಡಿಸಿ ನೋಡಿದರು. ಭುಜದ ಸ್ನಾಯು ಹರಿದು ತುಂಬ ದಿನವಾಗಿದೆ, ಆಗಲೇ ಬಂದಿದ್ದರೆ ಸರಿಮಾಡುವುದು ಸುಲಭವಿತ್ತು, ಈಗ ಆಪರೇಷನ್ ಮಾಡಿದರೂ ಮೊದಲಿನಂತೆ ಕೆಲಸ ಮಾಡುವ ಕೈ ಬರುವುದು ಅನುಮಾನ ಎಂದು ನನಗೆ ಇಂಗ್ಲಿಷಿನಲ್ಲಿ ಹೇಳಿದರು. ಆಮೇಲೆ ಅವರ ಕಡೆ ತಿರುಗಿ, "ಈಗ ನೋವು ಎಷ್ಟಿದೆ ಅಮ್ಮಾ, ಹತ್ತಕ್ಕೆ ಎಷ್ಟು ಅಂತೀರಾ?" ಎಂದು ಕೇಳಿದರು.

ಅವರು ನನ್ನ ಮುಖ ನೋಡಿದರು. ನನಗೆ ಯಾವುದು ಅನುಕೂಲವೋ ಅದನ್ನು ಹೇಳಲು ಕಾಯುತ್ತಿದ್ದರು. ನಾನು ಎದ್ದು ಹೊರಗೆ ಬಂದು ಬಾಗಿಲು ಎಳೆದುಕೊಂಡೆ. ಒಳಗಿನಿಂದ ಅವರು ಒಂಬತ್ತು ಎಂದದ್ದು ಕೇಳಿಸಿತು. ಅಳುತ್ತಿದ್ದರು.